ನಡುವೆ ಯಾರ ಹೆಸರು?

ಸಾಧನಕೇರಿಯ ಕವಿಗೆ ಎರಡು ಹೆಸರು. ಕಾಗದಪತ್ರದಲ್ಲಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಕವಿತೆಯ ಅಡಿಯಲ್ಲಿ ಅಂಬಿಕಾತನಯದತ್ತ. ಮೊದಲನೆಯದರ ನಡುವೆ ಅಪ್ಪ ರಾಮಚಂದ್ರ ಕೂತಿದ್ದಾರೆ. ಎರಡನೆಯದರಲ್ಲಿ ಅವ್ವ ಅಂಬಿಕೆ ಮಗನಿಗಿಂತ ಒಂದು ಹೆಜ್ಜೆ ಮುಂದೆ ಬಂದು ನಿಂತಿದ್ದಾಳೆ. ಸಾಲಿಯ ಹಾಜರಿ, ಕಾಲೇಜಿನ ಪಗಾರ, ಮನೆಯ ಉತಾರ ಎಲ್ಲವೂ ಅಪ್ಪನ ಹೆಸರನ್ನು ಹೊತ್ತು ನಡೆದವು. ಕಾವ್ಯ ಮಾತ್ರ ಅವ್ವನ ಹೆಸರಿನಲ್ಲಿ ನಡೆಯಿತು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ತಾನಾಗಿ ಹೆಸರಿಟ್ಟುಕೊಳ್ಳುವ ಸರದಿ ಬಂದಾಗ ಮಾಡಿದ ಆಯ್ಕೆ ಅದು.

ಇದು ನೆನಪಾಗಲು ಕಾರಣ ನನ್ನ ತಂಗಿಯ ಮಗಳು. ಈಚೆಗೆ ಅಮೆರಿಕದ ಒಂದು ಆಸ್ಪತ್ರೆಯಿಂದ ಫೋನು ಮಾಡಿದಳು. ಹೆಣ್ಣು ಹುಟ್ಟಿ ಎರಡು ದಿನವಾಗಿತ್ತು. "ದೊಡ್ಡವ್ವಾ, ಫಾರ್ಮ್ ತುಂಬಿ ಕೊಡ್ರಿ ಅಂತ ಬೆನ್ನ ಹತ್ಯಾರ. ಮೊದಲನೇ ಹೆಸರು ಆತು, ಕಡೀ ಹೆಸರು ಆತು. ನಡುವ ಒಂದು ಡಬ್ಬಿ ಖಾಲಿ ಉಳದದ. ಏನ ಬರೀಲಿ?"

"ಖಾಲಿ ಬಿಡು" ಅಂದೆ.

"ಬಿಟ್ಟರ ನಡೀತದ. ಆದ್ರ ಇಲ್ಲೆ ಎಲ್ಲಾ ಹುಡುಗ್ರಿಗೂ ಇರ್ತದ. ನಾಳೆ ಸಾಲ್ಯಾಗ ನನಗ್ಯಾಕಿಲ್ಲ ಅಂತ ಕೇಳಿದ್ರ?"

ಆ ದೇಶದಲ್ಲಿ ಮಗು ಆಸ್ಪತ್ರೆಯ ಬಾಗಿಲು ದಾಟುವ ಮೊದಲೇ ಜನನ ಪ್ರಮಾಣಪತ್ರದ ಅರ್ಜಿಯನ್ನು ತುಂಬಿಸಿಕೊಳ್ಳುತ್ತಾರೆ. ಸೋಷಿಯಲ್ ಸೆಕ್ಯುರಿಟಿ ನಂಬರನ್ನೂ ಆಗಲೇ ಕೇಳಿಬಿಡಬಹುದು. ಹನ್ನೆರಡನೆಯ ದಿನ ತೊಟ್ಟಿಲು ಕಟ್ಟಿ, ಗುಗ್ಗರಿ ಹಂಚಿ, ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರುವವರೆಗೆ ಕಾಯುವ ಪುರುಸೊತ್ತು ಅಲ್ಲಿನ ಗುಮಾಸ್ತರಿಗಿಲ್ಲ. ನಮ್ಮ ಕಾಯ್ದೆಗಿದೆ. 1969ರ ಜನನ ಮರಣ ನೋಂದಣಿ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಹುಟ್ಟಿದ್ದನ್ನು 21 ದಿನದೊಳಗೆ ತಿಳಿಸಬೇಕು, ಹೆಸರನ್ನು ಆಮೇಲೆ ತಿಳಿಸಬಹುದು. 12 ತಿಂಗಳೊಳಗಾದರೆ ಶುಲ್ಕವಿಲ್ಲ. ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಲು ಅವಕಾಶವಿದೆ. ಈ ಸಾವಕಾಶವೇ ನಮ್ಮನ್ನು ಕೆಡಿಸಿದೆ. ಕೂಸಿನ ಹೆಸರಿನ ಜಾಗ ಖಾಲಿ ಇರುವ ಪ್ರಮಾಣಪತ್ರವನ್ನು ಟ್ರಂಕಿನಲ್ಲಿಟ್ಟು ಮರೆತು, ಎಲ್‌ಕೆಜಿಗೆ ಸೇರಿಸುವ ಹಿಂದಿನ ವಾರ ಓಡಾಡುವವರು ಎಷ್ಟು ಮಂದಿ! 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೂ ಆ ಹಾಳೆಯ ತೂಕವನ್ನು ಹೆಚ್ಚಿಸಿದೆ. ಅಂದಿನಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಆಧಾರ್, ಮತದಾರರ ಪಟ್ಟಿ, ವಾಹನ ಪರವಾನಗಿ, ಸರಕಾರಿ ನೌಕರಿ ಎಲ್ಲದಕ್ಕೂ ಹುಟ್ಟಿದ ದಿನದ ಸಾಕ್ಷಿ ಅದೊಂದೇ. ಅದರಲ್ಲಿ ಬಿದ್ದ ಅಕ್ಷರ ಜೀವನದುದ್ದಕ್ಕೂ ಬೆನ್ನಿಗಿರುತ್ತದೆ.

ಇರಲಿ, ಡಬ್ಬಿಯ ವಿಷಯಕ್ಕೆ ಬರುತ್ತೇನೆ.

ಮಿಡಲ್ ನೇಮ್ ಎಂಬುದಕ್ಕೆ ಕನ್ನಡದಲ್ಲಿ ರೂಢಿಯ ಮಾತೇ ಇಲ್ಲ. ಸರ್‌ನೇಮಿಗೆ ನಮ್ಮ ಧಾರವಾಡದ ಕಡೆ ಅಡ್ಡಹೆಸರು ಅನ್ನುತ್ತೇವೆ; ಮೈಸೂರು ಕಡೆ ಅದೇ ಮಾತು ಹೇಳಿದರೆ ಚೇಷ್ಟೆಗೆ ಇಟ್ಟ ಹೆಸರೆಂದು ತಿಳಿಯುತ್ತಾರೆ. ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಅಡ್ಡಹೆಸರು ಕೇಳಿದ ಮೈಸೂರಿನವರು ನಕ್ಕರೆ ಅವರ ತಪ್ಪಲ್ಲ. ಹೆಸರಿಲ್ಲದ ಮಾತ್ರಕ್ಕೆ ವಸ್ತುವೂ ಇಲ್ಲವೆಂದು ಹೇಳುವಂತಿಲ್ಲ. ಉತ್ತರ ಕರ್ನಾಟಕದಲ್ಲಿ ಮಿಡಲ್ ನೇಮ್ ತಲೆಮಾರುಗಳಿಂದ ಇದೆ: ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ವಿನಾಯಕ ಕೃಷ್ಣ ಗೋಕಾಕ, ಗಿರೀಶ ರಘುನಾಥ ಕಾರ್ನಾಡ. ಮುಂಬಯಿ ಪ್ರಾಂತದ ದಫ್ತರಗಳ ಬಳುವಳಿ ಅದು. ಹಳೆಯ ಮೈಸೂರಿನಲ್ಲಿ ಇದೇ ಸರಕು ಮುಂದಕ್ಕೆ ಬಂದು, ಕುಗ್ಗಿ, ಇನಿಷಿಯಲ್ ಆಯಿತು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅಂದರೆ ಮೊದಲು ಊರು, ಆಮೇಲೆ ಅಪ್ಪ, ಕೊನೆಯಲ್ಲಿ ತಾನು. ಉಡುಪಿ ರಾಜಗೋಪಾಲಾಚಾರ್ಯ ಅನಂತಮೂರ್ತಿ ಹೆಸರಿನದೂ ಇದೇ ಕಟ್ಟು. ಕೊಡಗಿನಲ್ಲಿ ಊರಿನ ಬದಲು ಮನೆತನ: ಕೊಡಂದೇರ ಮಾದಪ್ಪ ಕಾರ್ಯಪ್ಪ. ಲೆಕ್ಕ ಹಾಕಿ ನೋಡಿದರೆ ಎಲ್ಲ ಕಡೆಯೂ ನಡುವಿನ ಜಾಗದಲ್ಲಿರುವುದು ಅಪ್ಪ.

ಗಂಡುಮಕ್ಕಳಿಗೆ ಇದರಿಂದ ತೊಂದರೆಯೇನಿಲ್ಲ. ಅಪ್ಪ ಒಮ್ಮೆ ಬಂದು ಕೂತರೆ ಕೊನೆಯವರೆಗೂ ಅಲ್ಲೇ. ಹೆಣ್ಣಿನ ಹೆಸರಿನ ನಡುಮನೆ ಮಾತ್ರ ಬಾಡಿಗೆಯದು. ಮದುವೆಯ ತನಕ ಅಪ್ಪ, ಅಕ್ಷತೆ ಬಿದ್ದ ಮೇಲೆ ಗಂಡ. ಅಡ್ಡಹೆಸರೂ ಅದರೊಂದಿಗೆ ಹೋಗುತ್ತದೆ. ಮೂರು ಮಾತಿನ ಹೆಸರಿನಲ್ಲಿ ಎರಡು ಬದಲಾದವು. ಉಳಿದ ಒಂದನ್ನೂ ಕೆಲವು ಮನೆಗಳಲ್ಲಿ ಅಕ್ಕಿಯ ಪರಾತದ ಮೇಲೆ ಉಂಗುರದಿಂದ ಅಳಿಸಿ ಬರೆದರು. ಮದುವೆಯ ವಾರದಲ್ಲಿ ಹುಡುಗಿಯೊಬ್ಬಳು ಅಡಿಯಿಂದ ಮುಡಿಯವರೆಗೆ ಬೇರೆ ಮನುಷ್ಯಳಾಗುವುದನ್ನು ನಾವು ಶಾಸ್ತ್ರ ಎಂದು ಕರೆದು, ಹೋಳಿಗೆ ಉಂಡು ಬಂದೆವು.

ಕನ್ನಡದ ಲೇಖಕಿಯರ ಹೆಸರುಗಳನ್ನೇ ಒಂದು ಸಾಲಿನಲ್ಲಿ ಇಟ್ಟು ನೋಡಿ. ಎಂ.ಕೆ. ಇಂದಿರಾ ಅವರ ಎಂ. ಮತ್ತು ಕೆ. ಮಂಡಗದ್ದೆ ಮತ್ತು ಕೃಷ್ಣರಾವ್. ಊರೂ ಗಂಡನ ಮನೆಯದು, ಹೆಸರೂ ಗಂಡನದು. ಕೊಡಗಿನ ಗೌರಮ್ಮ ತಮ್ಮ ಕತೆಗಳಿಗೆ ಹಾಕುತ್ತಿದ್ದ ರುಜು ಮಿಸೆಸ್ ಬಿ.ಟಿ.ಜಿ. ಕೃಷ್ಣ. ಅದರಲ್ಲಿ ಗೌರಿ ಎಲ್ಲೂ ಇಲ್ಲ. ಅನಸೂಯಾ ಶಂಕರ್ ತ್ರಿವೇಣಿಯಾದರು, ಜಾನಕಿ ಶ್ರೀನಿವಾಸಮೂರ್ತಿ ವೈದೇಹಿಯಾದರು. ಕಾವ್ಯನಾಮ ಗಂಡಸರಿಗೆ ಬಹುಮಟ್ಟಿಗೆ ಅಲಂಕಾರ. ಹೆಂಗಸರಿಗೆ ಅದು ಯಾರ ಹಂಗೂ ಇಲ್ಲದ ಸ್ವಂತ ಖೋಲಿಯೂ ಆಗಿತ್ತೇನೋ ಎಂದು ನನಗೆ ಅನುಮಾನ. ಇವರೆಲ್ಲರಿಗಿಂತ ಮೊದಲೇ ಬಂದ ತಿರುಮಲಾಂಬ ತಮ್ಮ ಊರನ್ನು ಮುಂದಿಟ್ಟುಕೊಂಡು ನಂಜನಗೂಡು ತಿರುಮಲಾಂಬ ಆಗಿಯೇ ಉಳಿದರು.

ಈ ಸಾಲಿನಿಂದ ಪೂರಾ ಹೊರಗೆ ನಿಂತವರು ಗಂಗೂಬಾಯಿ ಹಾನಗಲ್. ಅವರ ಪತಿ ಗುರುರಾವ್ ಕೌಲಗಿ. ಮಗಳು ಮಾತ್ರ ಕೃಷ್ಣಾ ಹಾನಗಲ್. ಅವ್ವನ ಹೆಸರಿನ ಹಾನಗಲ್ ಮಗಳಿಗೆ ಬಂತು, ಇಬ್ಬರೂ ಒಂದೇ ವೇದಿಕೆಯಲ್ಲಿ ಕೂತು ಹಾಡಿದರು. ಹುಬ್ಬಳ್ಳಿಯಲ್ಲಿ ಆ ಕಾಲಕ್ಕೇ ಸಾಧ್ಯವಾದದ್ದು ಇದು. ಈಗ ಹೊಸ ಕ್ರಾಂತಿ ಎಂಬಂತೆ ಮಾತಾಡುವವರಿಗೆ ನೆನಪಿರಲಿ.

ಕರಾವಳಿಯ ಕತೆ ಇನ್ನೂ ಸ್ವಾರಸ್ಯದ್ದು. ಅಳಿಯಸಂತಾನದ ಮನೆಗಳಲ್ಲಿ ಬಳಿ ಎಂಬ ಕುಲದ ಗುರುತು ಬರುವುದು ತಾಯಿಯಿಂದ. ಮದುವೆ ಕೂಡಿಸುವಾಗ ಮೊದಲು ಕೇಳುವುದು ಅದನ್ನೇ. ಆದರೆ ಶಾಲೆಯ ದಾಖಲೆಯಲ್ಲಿ ಬಳಿಗೆ ಜಾಗವಿಲ್ಲ. ತಾಯಿಯ ಕಡೆಯಿಂದ ಸಾವಿರ ವರ್ಷದ ಗುರುತು ಹೊತ್ತು ಬಂದ ಹುಡುಗಿ ಹಾಜರಿ ಪುಸ್ತಕದಲ್ಲಿ ಅಪ್ಪನ ಇನಿಷಿಯಲ್ ಹಿಡಿದು ನಿಲ್ಲುತ್ತಾಳೆ.

ತಮಾಷೆಯೆಂದರೆ, ನಾವು ಯಾರಿಂದ ಈ ಫಾರ್ಮನ್ನು ಪಡೆದೆವೋ ಆ ಇಂಗ್ಲಿಷ್ ಮಂದಿಯಲ್ಲಿ ಮಿಡಲ್ ನೇಮ್ ಹಲವು ಸಲ ತಾಯಿಯ ಕಡೆಯ ಆಸ್ತಿ. ಅಮೆರಿಕದ ಮೊದಲ ಐವರು ಅಧ್ಯಕ್ಷರಿಗೆ ನಡುವಿನ ಹೆಸರೇ ಇರಲಿಲ್ಲ. ಆರನೆಯವರಾದ ಜಾನ್ ಕ್ವಿನ್ಸಿ ಆಡಮ್ಸ್ ಹುಟ್ಟಿದ್ದು 1767ರಲ್ಲಿ. ಕ್ವಿನ್ಸಿ ಎಂಬುದು ತಾಯಿ ಅಬಿಗೇಲಳ ಅಜ್ಜನ ಮನೆತನ. ಮುಂದೆ ಫ್ರಾಂಕ್ಲಿನ್ ಡೆಲನೋ ರೂಸ್‌ವೆಲ್ಟ್ ಬಂದರು. ಡೆಲನೋ ತಾಯಿಯ ತವರು. ಜಾನ್ ಫಿಟ್ಜೆರಾಲ್ಡ್ ಕೆನಡಿಯ ಫಿಟ್ಜೆರಾಲ್ಡ್ ಕೂಡ ಹಾಗೆಯೇ. ಕೊನೆಯ ಹೆಸರು ತಂದೆಗೆ ಹೋದ ಮೇಲೆ ತವರಿನ ಹೆಸರು ಪೂರ್ತಿ ಮುಳುಗಿಹೋಗದಂತೆ ಹೆಂಗಸರು ಹಿಡಿದುಕೊಂಡ ಹಗ್ಗ ಅದು. ಮದುವೆಯಾದ ಮೇಲೆ ತಮ್ಮ ಹುಟ್ಟುಮನೆಯ ಹೆಸರನ್ನು ನಡುವಿಗೆ ಸರಿಸಿಕೊಳ್ಳುವವರೂ ಇದ್ದಾರೆ. ಹಿಲರಿ ರಾಡಮ್ ಕ್ಲಿಂಟನ್ ಅವರ ರಾಡಮ್ ಅಂಥದ್ದು. ಫಿಲಿಪೀನ್ಸ್‌ನಲ್ಲಿ ಇದು ದೇಶದ ರೂಢಿ. ಅಲ್ಲಿ ಮಗುವಿನ ಮಿಡಲ್ ನೇಮ್ ಸಾಮಾನ್ಯವಾಗಿ ತಾಯಿಯ ತವರುಮನೆಯ ಹೆಸರೇ. ರಷ್ಯಾದವರು ನಮ್ಮ ಗದಗ, ವಿಜಯಪುರದವರ ಹಾಗೆ: ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ವ್ಯಾಲೆಂಟಿನಾ ವ್ಲಾದಿಮಿರೋವ್ನಾ ತೆರೆಶ್ಕೋವಾ, ಅಂದರೆ ವ್ಲಾದಿಮಿರನ ಮಗಳು.

ಹೆಸರಿಗಾಗಿ ನಡೆದ ರಾಜಿಯ ಕತೆ ಬೇಕಿದ್ದರೆ ಹ್ಯಾರಿ ಎಸ್. ಟ್ರೂಮನ್ ಇದ್ದಾರೆ. ಆ ಎಸ್‌ಗೆ ವಿಸ್ತಾರವೇ ಇಲ್ಲ. ಒಬ್ಬ ತಾತನ ಹೆಸರಿನಲ್ಲಿ ಶಿಪ್ ಇತ್ತು, ಇನ್ನೊಬ್ಬ ತಾತ ಸಾಲೊಮನ್. ಯಾರಿಗೂ ಬೇಜಾರಾಗಬಾರದೆಂದು ಒಂದೇ ಅಕ್ಷರ ಇಟ್ಟು ಕೈತೊಳೆದುಕೊಂಡರು. ನಮ್ಮ ಬೀಗರ ನಡುವೆ ಇಷ್ಟು ಸಲೀಸಾಗಿ ಮುಗಿಯುತ್ತಿತ್ತೆಂದು ನನಗೆ ನಂಬಿಕೆಯಿಲ್ಲ.

ನಮ್ಮವರಿಗೆ ಹತ್ತಿರದ ಉದಾಹರಣೆ ಇನ್ನೊಂದಿದೆ. ಚೆನ್ನೈ ಮೂಲದ ಶ್ಯಾಮಲಾ ಗೋಪಾಲನ್ ಅಮೆರಿಕದಲ್ಲಿ ಹೆತ್ತ ಇಬ್ಬರು ಹೆಣ್ಣುಮಕ್ಕಳು ಕಮಲಾ ದೇವಿ ಹ್ಯಾರಿಸ್, ಮಾಯಾ ಲಕ್ಷ್ಮಿ ಹ್ಯಾರಿಸ್. ಕೊನೆಯ ಹೆಸರು ಜಮೈಕಾದ ತಂದೆಯದು. ನಡುವಿನ ದೇವಿ ಮತ್ತು ಲಕ್ಷ್ಮಿ ತಾಯಿಯ ನಾಡಿನವು. ಮಗಳು ಉಪಾಧ್ಯಕ್ಷೆಯಾಗಿ ಪ್ರಮಾಣವಚನ ಸ್ವೀಕರಿಸುವಾಗ ಆ ದೇವಿಯೂ ಬಾಯಿತುಂಬ ಉಚ್ಚಾರವಾಯಿತು.

ಈಗ ನನ್ನ ತಂಗಿಯ ಮಗಳ ಲೆಕ್ಕ. ಅವಳ ಗಂಡ ಮೈಸೂರಿನವರು, ಅಡ್ಡಹೆಸರು ಇಲ್ಲದ ಮನೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಎಂದಾಗ ಅವರ ತಂದೆಯ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ ಕೂತಿತು. ಸಾವಿರಾರು ಕನ್ನಡಿಗರ ಪಾಸ್‌ಪೋರ್ಟಿನ ಹಣೆಬರಹ ಇದೇ. ಹಾಗಾಗಿ ಅಲ್ಲಿ ಹುಟ್ಟಿದ ಕೂಸಿನ ಕೊನೆಯ ಹೆಸರು ತನ್ನ ಅಜ್ಜನ ಹೆಸರು. ನಾಳೆ ಆ ದೇಶದ ಬ್ಯಾಂಕಿನವರು, ಡಾಕ್ಟರು, ಟೀಚರು ಈ ಪುಟ್ಟ ಹುಡುಗಿಯನ್ನು ಮರ್ಯಾದೆಯಿಂದ ಕರೆಯುವಾಗ ಮೈಸೂರಿನಲ್ಲಿ ಸಂಜೆ ವಾಕಿಂಗ್ ಹೋಗುವ ನಿವೃತ್ತ ಹಿರಿಯರೊಬ್ಬರ ಹೆಸರನ್ನು ಮಿಸ್ ಸೇರಿಸಿ ಕರೆಯುತ್ತಾರೆ. ನಡುವಿನ ಡಬ್ಬಿಯಲ್ಲಿ ರೂಢಿಯಂತೆ ಅಪ್ಪನ ಹೆಸರು ಬರೆದರೆ ಹೇಗಿರುತ್ತದೆ? ಒಂದು ಹೆಣ್ಣುಕೂಸು, ಹಿಂದೆ ಇಬ್ಬರು ಗಂಡಸರ ಕಾವಲು. ಒಂಬತ್ತು ತಿಂಗಳು ಹೊತ್ತವಳ ಸುಳಿವೇ ಇಲ್ಲ.

ಅಪ್ಪನ ಹೆಸರು ಈಗಾಗಲೇ ಪ್ರಮಾಣಪತ್ರದಲ್ಲಿ ತನ್ನದೇ ಸಾಲಿನಲ್ಲಿ ಇರುತ್ತದೆ. ಕೊನೆಯ ಹೆಸರಿನಲ್ಲಿ ಅಪ್ಪನ ಮನೆಯೂ ಇರುತ್ತದೆ. ಆದ್ದರಿಂದ ನಡುವಿನ ಜಾಗವನ್ನು ಹೆಣ್ಣಿನ ಕಡೆಗೆ ಬಿಟ್ಟುಕೊಡಿ ಎಂಬುದು ನನ್ನ ವಾದ. ಅವ್ವನದಾಗಲಿ, ಅಜ್ಜಿಯದಾಗಲಿ. ಇದರಲ್ಲಿ ಅಪ್ಪಂದಿರಿಗೆ ಅವಮಾನವೇನೂ ಇಲ್ಲ. ಇರುವ ಮೂರು ಕುರ್ಚಿಯಲ್ಲಿ ಒಂದನ್ನು ಕೇಳುತ್ತಿದ್ದೇವೆ, ಅಷ್ಟೇ.

ಸರಕಾರಗಳಿಗೂ ಇದು ತಡವಾಗಿ ಹೊಳೆದಿದೆ. ಮಹಾರಾಷ್ಟ್ರದಲ್ಲಿ 2024ರ ಮೇ 1ರಿಂದ ಈಚೆಗೆ ಹುಟ್ಟಿದವರ ದಾಖಲೆಗಳಲ್ಲಿ ಮಗುವಿನ ಹೆಸರು, ಆಮೇಲೆ ತಾಯಿಯ ಹೆಸರು, ಆಮೇಲೆ ತಂದೆಯದು, ಕೊನೆಯಲ್ಲಿ ಅಡ್ಡಹೆಸರು ಎಂಬ ಕ್ರಮ ಕಡ್ಡಾಯವಾಯಿತು. ಅದೇ ತೀರ್ಮಾನದಲ್ಲಿ ಮದುವೆಯಾದ ಹೆಂಗಸರ ಹೆಸರಿನ ನಂತರ ಗಂಡನ ಹೆಸರು ಬರುವ ಹಳೆಯ ಪದ್ಧತಿಯನ್ನು ಹಾಗೇ ಮುಂದುವರಿಸಿದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯನ್ನು ಕಿಸೆಯಲ್ಲೇ ಇಟ್ಟುಕೊಂಡ ಹಾಗೆ. ಕೇಂದ್ರದ ಪಾಸ್‌ಪೋರ್ಟ್ ನಿಯಮಗಳು 2016ರ ಡಿಸೆಂಬರಿನಲ್ಲಿ ಸಡಿಲಾಗಿ, ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಕೊಟ್ಟರೂ ಸಾಕೆಂದಾಯಿತು. 2018ರ ಡಿಸೆಂಬರಿನಿಂದ, ತಾಯಿಯೊಬ್ಬಳೇ ಸಾಕಿದ ಮಕ್ಕಳು ಪ್ಯಾನ್ ಕಾರ್ಡಿಗೆ ತಂದೆಯ ಹೆಸರು ಬರೆಯಲೇಬೇಕೆಂಬ ಕಟ್ಟು ತಪ್ಪಿತು. ತಂದೆ ತೀರಿಕೊಂಡ ಮೇಲೆ ಮಗುವಿನ ಸರ್‌ನೇಮ್ ಏನಿರಬೇಕೆಂದು ತೀರ್ಮಾನಿಸುವ ಹಕ್ಕು ತಾಯಿಗಿದೆ ಎಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಹೇಳಿತು.

ಕೋರ್ಟೇ ಹೆಸರಿಟ್ಟ ಪ್ರಸಂಗಗಳೂ ಇವೆ. ಹುಣಸೂರಿನ ನ್ಯಾಯಾಲಯದಲ್ಲಿ 2024ರ ಡಿಸೆಂಬರಿನಲ್ಲಿ ಹೀಗೊಂದು ನಾಮಕರಣವಾಯಿತು. ಗಂಡುಮಗುವಿನ ಹೆಸರಿಗಾಗಿ ಗಂಡ ಹೆಂಡತಿ ಮೂರು ವರ್ಷ ಜಗಳಾಡಿ ಬೇರೆಯಾಗುವ ಹಂತಕ್ಕೆ ಹೋಗಿದ್ದರು. ನ್ಯಾಯಾಧೀಶರು ಇಬ್ಬರೂ ಒಪ್ಪುವ ಹೆಸರನ್ನು ಇಟ್ಟು ಕಳಿಸಿದರು. ದಂಪತಿ ಅಲ್ಲೇ ಹಾರ ಬದಲಾಯಿಸಿಕೊಂಡರು. ಕೇರಳ ಹೈಕೋರ್ಟಿನ ಮುಂದೆ 2023ರಲ್ಲಿ ಬಂದದ್ದು ಹೆಣ್ಣುಮಗು. ಮೂರು ವರ್ಷ ದಾಟಿದ್ದರೂ ಹೆಸರಿಲ್ಲ, ಹೆಸರಿಲ್ಲದ ಪ್ರಮಾಣಪತ್ರವನ್ನು ಶಾಲೆ ಒಪ್ಪಲಿಲ್ಲ. ತಾಯಿ ಒಂದು ಹೆಸರು ಹಿಡಿದಿದ್ದರು, ತಂದೆ ಇನ್ನೊಂದು. ಕೋರ್ಟು ಪೋಷಕನ ಸ್ಥಾನದಲ್ಲಿ ನಿಂತು, ಮಗು ತಾಯಿಯ ಜೊತೆಗಿರುವುದರಿಂದ ತಾಯಿ ಇಟ್ಟ ಹೆಸರನ್ನು ಮೊದಲಿಗೆ ತೆಗೆದುಕೊಂಡು, ತಂದೆಯ ಹೆಸರನ್ನು ನಡುವೆ ಕೂರಿಸಿತು. ನಡುವಿನ ಜಾಗ ಸಂಧಾನಕ್ಕೂ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಡ.

ಅಜ್ಜಿಯ ಹೆಸರಿಡುವುದು ನಮ್ಮಲ್ಲಿ ಹೊಸದಲ್ಲ. ಆದರೆ ಅದರಲ್ಲೊಂದು ತೊಡಕಿತ್ತು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳುವ ಹಾಗಿಲ್ಲ. ಮಗಳಿಗೆ ಅತ್ತೆಯದೇ ಹೆಸರಿಟ್ಟರೆ ಬೈಯುವುದು ಹೇಗೆ? "ಗಂಗವ್ವಾ, ಹಾಳಾದಾಕಿ, ಹಾಲ ಚೆಲ್ಲಿದೆಲ್ಲ" ಎಂದು ಅಡುಗೆಮನೆಯಿಂದ ಕೂಗಿದರೆ ಪಡಸಾಲೆಯಲ್ಲಿ ಕೂತ ಹಿರಿಯ ಗಂಗವ್ವ ಸುಮ್ಮನಿರುತ್ತಾಳೆಯೇ? ಅದಕ್ಕೇ ಅಂಥ ಹುಡುಗಿಯರೆಲ್ಲ ಮನೆಯಲ್ಲಿ ಪುಟ್ಟಿ, ಅಕ್ಕವ್ವ, ಅಮ್ಮಣ್ಣಿ, ಬೇಬಿ ಆದರು. ನಡುವಿನ ಹೆಸರು ಈ ತೊಡಕನ್ನು ಬಿಡಿಸುತ್ತದೆ. ಬೈಯಲು ಮೊದಲನೆಯ ಹೆಸರಿದೆ. ಅಜ್ಜಿ ಎರಡನೆಯದರಲ್ಲಿ ನೆಮ್ಮದಿಯಿಂದ ಇರುತ್ತಾಳೆ.

ಒಂದಕ್ಕಿಂತ ಹೆಚ್ಚು ಹೆಸರಿಡುವುದೂ ನಮಗೆ ಹೊಸದಲ್ಲ. ಶಾಸ್ತ್ರೋಕ್ತ ನಾಮಕರಣದಲ್ಲಿ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮ ಎಂದು ನಾಲ್ಕು ಇಡುತ್ತಾರೆ. ಮೊದಲ ಮೂರನ್ನು ಪುರೋಹಿತರು ಬರೆಸಿ, ಕೂಸಿನ ಕಿವಿಯಲ್ಲಿ ಹೇಳಿಸಿ, ಮಂಗಳಾರತಿಯಾದ ಮೇಲೆ ಎಲ್ಲರೂ ಮರೆಯುತ್ತಾರೆ. ನಕ್ಷತ್ರದ ಅಕ್ಷರಕ್ಕೆ ತಕ್ಕ ಹೆಸರು ಸಿಗದೆ ಒದ್ದಾಡುವವರಿಗೆ ಒಂದು ಉಪಾಯ: ಅಶ್ವಿನಿಗೆ ಚು, ಚೇ, ಚೋ, ಲಾ ಎಂದು ಬಂದರೆ ಚು ಹಿಡಿದುಕೊಂಡು ಮಗುವಿನ ಕರೆಯುವ ಹೆಸರನ್ನು ಕೆಡಿಸಬೇಡಿ. ಅದನ್ನು ನಡುವಿಗೆ ಕಳಿಸಿ. ಜ್ಯೋತಿಷಿಗೂ ಸಮಾಧಾನ, ಮಗುವಿಗೂ.

ಹೆಣ್ಣಿನ ಹೆಸರು ಹೇಗಿರಬೇಕೆಂದು ಹಳಬರು ಹೇಳಿದ್ದರಲ್ಲಿ ಅರ್ಧವನ್ನು ಒಪ್ಪಬಹುದು. ಪಾರಸ್ಕರ ಗೃಹ್ಯಸೂತ್ರ ಬೆಸ ಸಂಖ್ಯೆಯ ಅಕ್ಷರವಿರಲಿ, ಆ‌ಕಾರದಲ್ಲಿ ಮುಗಿಯಲಿ ಎನ್ನುತ್ತದೆ. ಮನು ಸುಲಭವಾಗಿ ಉಚ್ಚರಿಸುವಂತಿರಲಿ, ಕಿವಿಗೆ ಒರಟಾಗದಿರಲಿ, ಅರ್ಥ ತಿಳಿಯಾಗಿರಲಿ ಎನ್ನುತ್ತಾನೆ. ಚೆನ್ನಾಗಿದೆ. ಆದರೆ ಅದೇ ಮನು ಮೂರನೆಯ ಅಧ್ಯಾಯಕ್ಕೆ ಬರುವಾಗ ನಕ್ಷತ್ರದ, ಮರದ, ನದಿಯ, ಬೆಟ್ಟದ, ಹಕ್ಕಿಯ ಹೆಸರಿನ ಕನ್ಯೆಯನ್ನು ಮದುವೆಯಾಗಬೇಡಿ ಎಂದುಬಿಟ್ಟಿದ್ದಾನೆ. ರೋಹಿಣಿ, ರೇವತಿ, ತುಳಸಿ, ಗೋದಾವರಿ, ಕಾವೇರಿ, ಮೈನಾ ಎಲ್ಲರೂ ಮನೆಯಲ್ಲೇ ಉಳಿಯಬೇಕಾಗಿತ್ತು. ಕನ್ನಡ ನಾಡು ಈ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ, ಪುಣ್ಯ.

ಇನ್ನು ವ್ಯವಹಾರದ ಮಾತು. ಬೆಂಗಳೂರು, ಶಿವಮೊಗ್ಗ, ಮಂಡ್ಯದಲ್ಲಿದ್ದು ಅಲ್ಲೇ ಮಗುವನ್ನು ಬೆಳೆಸುವವರು ಮಿಡಲ್ ನೇಮಿಗಾಗಿ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಇನಿಷಿಯಲನ್ನು ಮೊದಲ ದಿನವೇ ಬಿಡಿಸಿ ಬರೆಸಿ, ಅದು ಸಾಕು. ಪ್ಯಾನ್ ಅರ್ಜಿ ಹೆಸರನ್ನು ಮೂರು ತುಂಡಾಗಿ ಕೇಳುತ್ತದೆ, ಪಾಸ್‌ಪೋರ್ಟು ಎರಡಾಗಿ, ಆಧಾರ್ ಒಂದೇ ಸಾಲಿನಲ್ಲಿ. ಒಂದರಲ್ಲಿ ಕೆ. ಎಂದೂ ಇನ್ನೊಂದರಲ್ಲಿ ಕೃಷ್ಣಪ್ಪ ಎಂದೂ ಇದ್ದರೆ ಹುಡುಗಿ ಅರ್ಧ ಆಯುಷ್ಯವನ್ನು ಇಬ್ಬರೂ ಒಬ್ಬಳೇ ಎಂದು ಅಫಿಡವಿಟ್ ಮಾಡಿಸುವುದರಲ್ಲಿ ಕಳೆಯುತ್ತಾಳೆ. ಹಾಗೆಂದು ಒಂದೇ ಹೆಸರು ಇಟ್ಟು ಮುಗಿಸಬೇಡಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್ಎನ್‌ಯು ಎಂದು ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಸಂಕ್ಷೇಪ ಅದು. ಅಲ್ಲಿಗೆ ಹೋದ ನಮ್ಮ ಎಷ್ಟೋ ಮಕ್ಕಳು ಕಾಲೇಜಿನ ಹಾಜರಿಯಲ್ಲಿ "ಫ್ನೂ" ಎಂದು ಕರೆಸಿಕೊಂಡು ಎದ್ದು ನಿಂತಿದ್ದಾರೆ. ದುಬೈ, ಅಬುಧಾಬಿಗಳ ದೇಶವೂ 2022ರ ನವೆಂಬರಿನಲ್ಲಿ ಒಂದೇ ಹೆಸರಿನ ಪಾಸ್‌ಪೋರ್ಟ್ ಹಿಡಿದ ಪ್ರವಾಸಿಗಳಿಗೆ ತಡೆ ಹಾಕಿತು. ತಂದೆಯ ಅಥವಾ ಮನೆತನದ ಹೆಸರು ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿದ್ದರೆ ಸರಿ ಎಂದಿತು.

ಅಮೆರಿಕದಲ್ಲಿ ನಡುವಿನ ಹೆಸರಿನ ಮೇಲೆ ಭಾರ ಕಡಿಮೆ. ಸೋಷಿಯಲ್ ಸೆಕ್ಯುರಿಟಿ ಇಲಾಖೆ ಅದನ್ನು ಕಾನೂನುಬದ್ಧ ಹೆಸರಿನ ಭಾಗವೆಂದೇ ಎಣಿಸುವುದಿಲ್ಲ. ವಿಮಾನದ ಟಿಕೆಟ್ಟಿನಲ್ಲಿ ಮೊದಲನೆಯ ಮತ್ತು ನಡುವಿನ ಹೆಸರುಗಳು ಅಂಟಿಕೊಂಡು ಒಂದೇ ಉದ್ದನೆಯ ಶಬ್ದವಾಗುತ್ತವೆ. ಆದ್ದರಿಂದ ಎರಡೂ ಮೂರಕ್ಷರ ದಾಟದಿರುವುದು ಒಳ್ಳೆಯದು. ಕೂಸಿಗೆ ಅಲ್ಲಿನವರ ನಾಲಿಗೆಗೆ ಒಗ್ಗುವ ಚಿಕ್ಕ ಹೆಸರನ್ನು ಮೊದಲಿಗಿಟ್ಟು, ತೂಕದ ಕನ್ನಡ ಹೆಸರನ್ನು ನಡುವೆ ಇಡುವವರು ಬಹಳ. ನನಗದು ಪೂರ್ತಿ ಹಿಡಿಸದು. ನಮ್ಮ ಹೆಸರನ್ನು ಬಾಗಿಲ ಹಿಂದೆ ನಿಲ್ಲಿಸಿದ ಹಾಗೆ ಕಾಣುತ್ತದೆ. ಆದರೆ ದಿನಕ್ಕೆ ಹತ್ತು ಸಲ ಹೆಸರನ್ನು ಬಿಡಿಸಿ ಹೇಳುವ ಕಷ್ಟ ನನ್ನದಲ್ಲವಲ್ಲ.

ಕಾಗುಣಿತದ ಜಗಳ ಬೇರೆ. ಶಾಂತಾ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಹುಬ್ಬಳ್ಳಿಯವರು ಬರೀ ಟಿ ಹಾಕುತ್ತಾರೆ, ಮೈಸೂರಿನವರು ಟಿಯ ಪಕ್ಕ ಎಚ್ ಸೇರಿಸುತ್ತಾರೆ. ಅಮೆರಿಕದ ಟೀಚರು ಆ ಎಚ್ ನೋಡಿ ನಾಲಿಗೆಯನ್ನು ಹಲ್ಲಿನ ನಡುವೆ ತಂದು ಬೇರೆಯೇ ಹೆಸರು ಹೇಳುತ್ತಾರೆ. ಈ ವಿಷಯದಲ್ಲಿ ನನ್ನ ಮತ ಹುಬ್ಬಳ್ಳಿಗೆ. ಮೂರೂ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳನ್ನು ಒತ್ತಟ್ಟಿಗೆ ಬರೆದು, ಅವು ಕೂಡಿ ಏನಾದರೂ ಆಭಾಸದ ಶಬ್ದವಾಗುತ್ತದೆಯೇ ಎಂದೂ ನೋಡಿಬಿಡಿ. ಸಾಲಿಯ ಹುಡುಗರು ನೋಡಿಯೇ ನೋಡುತ್ತಾರೆ. ಕಡೆಯದಾಗಿ, ಮೂರನ್ನೂ ಸೇರಿಸಿ ಹಿತ್ತಲಿನಿಂದ ಗಟ್ಟಿಯಾಗಿ ಕೂಗಿ. ಬಾಯಲ್ಲಿ ತೊಡರುವ ಹೆಸರು ಕಾಗದದ ಮೇಲೆ ಎಷ್ಟು ಚೆಂದ ಕಂಡರೂ ಬೇಡ.

ಯಾವ ಅಜ್ಜಿ ಎಂಬ ಪ್ರಶ್ನೆ ಉಳಿಯಿತು. ಇಬ್ಬರು ಅಜ್ಜಿಯರೂ ಗಟ್ಟಿಮುಟ್ಟಾಗಿದ್ದು, ಇಬ್ಬರೂ ಬಾಣಂತನಕ್ಕೆ ಸರದಿಯಲ್ಲಿ ಬರುವವರಾದರೆ ಒಬ್ಬರನ್ನು ಆರಿಸುವುದು ಕ್ಷೇಮವಲ್ಲ. ಒಂದು ತಲೆಮಾರು ಹಿಂದಕ್ಕೆ ಹೋಗು ಎಂದು ನಾನೇ ಹೇಳಿಕೊಟ್ಟೆ. ತಂಗಿಯ ಮಗಳಿಗೆ ಖುಷಿಯಾಯಿತು. ಹಾಗಾದರೆ ನಮ್ಮ ಅವ್ವನ ಹೆಸರು, ಅಂದರೆ ಅವಳ ಆಯಿಯ ಹೆಸರು. ಅವ್ವನಿಗೆ ಈಗ 84. ಒಂದು ಮಾತು ತಿಳಿಸೋಣ ಎಂದು ಅದೇ ದಿನ ಫೋನು ಹಚ್ಚಿದೆವು. ಅವಳು ಎಲ್ಲ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನನ್ನ ಹೆಸರಲ್ಲ" ಅಂದಳು.

"ಅಂದ್ರ?"

"ಲಗ್ನದಾಗ ಅಕ್ಕಿ ಮ್ಯಾಲೆ ಉಂಗುರಲೆ ಬರದು ಇಟ್ಟದ್ದು ಅದು. ನಿಮ್ಮಪ್ಪನ ಮನ್ಯಾಗ ನನ್ನ ಹೆಸರಿನಾಕಿ ಒಬ್ಬಾಕಿ ಮೊದಲs ಇದ್ದಳು. ಅದಕ್ಕ ಬದಲಿ ಮಾಡಿದ್ರು. ನಮ್ಮವ್ವ ಇಟ್ಟ ಹೆಸರು ಬ್ಯಾರೆ ಇತ್ತು."

ಅರವತ್ತು ವರ್ಷ ಅವಳ ಮಗಳಾಗಿ ಬದುಕಿದ ನನಗೆ ಆ ಹೆಸರು ಗೊತ್ತಿರಲಿಲ್ಲ. ರೇಷನ್ ಕಾರ್ಡಿನಲ್ಲಿಲ್ಲ, ಬ್ಯಾಂಕಿನ ಪುಸ್ತಕದಲ್ಲಿಲ್ಲ, ಆಧಾರಿನಲ್ಲಿಲ್ಲ. ಅವಳನ್ನು ಆ ಹೆಸರಿನಿಂದ ಕರೆಯುತ್ತಿದ್ದ ಅಣ್ಣತಮ್ಮಂದಿರು ಯಾರೂ ಈಗಿಲ್ಲ. ಪತ್ರಿಕೆಯಲ್ಲಿ ಬರೆಯಲು ಅವಳ ಅಪ್ಪಣೆಯಿಲ್ಲವಾದ್ದರಿಂದ, ಅದು ಒಂದು ನದಿಯ ಹೆಸರು ಎಂದಷ್ಟೇ ಹೇಳಬಲ್ಲೆ. ಮನು ಬೇಡವೆಂದ ಹೆಸರು. ಡಬ್ಬಿಯಲ್ಲಿ ಈಗ ಅದೇ ಇದೆ.

ನಿಮ್ಮ ಮನೆಗೂ ಇಂಥ ಫಾರ್ಮು ಬಂದರೆ ರೇಷನ್ ಕಾರ್ಡು ನೋಡಿ ಅಜ್ಜಿಯ ಹೆಸರು ಬರೆಯಬೇಡಿ. ಮಧ್ಯಾಹ್ನ ಊಟವಾಗಿ ಅವರು ಆರಾಮಾಗಿ ಕೂತಿರುವಾಗ ಫೋನು ಮಾಡಿ, ತವರಿನಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಒಮ್ಮೆ ಕೇಳಿ.